ಒಂದು ಕ್ವಾಡ್ ಜೋಡಿ, ಒಂದು ಬಿಸ್ಕತ್ ಡಬ್ಬಿ: ಬೆಳಗಾವಿಯ ಒಂದು ವಾಲ್ವ್ ಆಂಪ್ಲಿಫೈಯರ್ ಪ್ರಕರಣ

ಕಳೆದ ವರ್ಷ ಶ್ರಾವಣದ ಒಂದು ಸಂಜೆ ಎರಡು ಗೋಣಿಚೀಲದ ಗಂಟು ನನ್ನ ಟೇಬಲ್ ಮೇಲೆ ಬಂದು ಕೂತವು. ಹೊರಗೆ ಬೆಳಗಾವಿ ಮಳೆ, ನಿಲ್ಲುವ ಲಕ್ಷಣವೇ ಇರಲಿಲ್ಲ. ಗಂಟು ಬಿಚ್ಚಿದೆ. ಮೇಲೆ ಹಳದಿಗಟ್ಟಿದ ಸಂಯುಕ್ತ ಕರ್ನಾಟಕದ ಹಾಳೆಗಳು. ಹಾಳೆಯ ಮಡಿಕೆಯಲ್ಲಿ ಇಲಿ ಹಿಕ್ಕೆ. ಅದರ ಕೆಳಗೆ ಎರಡು ಕ್ವಾಡ್ ಟೂ ಆಂಪ್ಲಿಫೈಯರ್. ಒಂದೊಂದೂ ಎಂಟು ಕೆಜಿಗಿಂತ ಜಾಸ್ತಿ ತೂಕ.

ನಾನು ಬೆಳಗಾವಿಯ ಶಹಾಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಮರ್ಫಿ, ಬುಷ್, ಫಿಲಿಪ್ಸ್ ವಾಲ್ವ್ ರೇಡಿಯೊ ತಿಂಗಳಿಗೆ ಒಂದೆರಡು ಬರುತ್ತವೆ. ವಾಲ್ವ್ ಅಂದರೆ ಟ್ರಾನ್ಸಿಸ್ಟರ್‌ಗಿಂತ ಮೊದಲಿನ ಕಾಲದ, ಬಲ್ಬಿನ ಹಾಗಿರುವ ಗಾಜಿನ ಕೊಳವೆ. ಕ್ವಾಡ್ ಟೂ ಮಾತ್ರ ಫೋಟೊದಲ್ಲಿ ನೋಡಿದ್ದೆ ಅಷ್ಟೇ. ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ತಂದವರು ಅಣ್ಣ ತಮ್ಮ, ಟಿಳಕವಾಡಿಯವರು. ಜೊತೆಗೆ ತಾಯಿಯೂ ಬಂದಿದ್ದರು. ಹುಡುಗರ ಅಜ್ಜ ಡಾಕ್ಟರ್. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1961ರಲ್ಲಿ ಹಡಗಿನಲ್ಲಿ ಮುಂಬೈಗೆ ಬಂದಿಳಿದು, ಅಲ್ಲಿಂದ ರೈಲಿನಲ್ಲಿ ಈ ಪೆಟ್ಟಿಗೆಗಳ ಸಮೇತ ಊರು ಸೇರಿದವರಂತೆ. ಅಜ್ಜ ಹೋದ ಮೇಲೆ ಇವು ಅಟ್ಟ ಹತ್ತಿದವು. ಈಗ ಅಣ್ಣನಿಗೆ ಪುಣೆಯ ಒಬ್ಬ ಸಂಗ್ರಾಹಕರು ಗಂಟು ಬಿದ್ದಿದ್ದರು. ಒಳಗೆ ಏನೂ ಬದಲಾಗಿಲ್ಲ ಅಂದರೆ ಒಂದು ರೇಟು, ಕೈಯಾಡಿಸಿದ್ದರೆ ಅದರ ಅರ್ಧವೂ ಇಲ್ಲ ಅಂದಿದ್ದರಂತೆ. ತಮ್ಮನ ಲೆಕ್ಕ ಬೇರೆ. "ಉದ್ಯಮಬಾಗದಾಗ ಪೌಡರ್ ಕೋಟಿಂಗ್ ಮಾಡಸ್ತೀನ್ರಿ. ನೀವು ಒಳಗ ಎಲ್ಲಾ ಹೊಸಾದ ಹಾಕಿಬಿಡ್ರಿ. ಝಗಮಗ ಆಗಬೇಕ ನೋಡ್ರಿ," ಅಂದ. ತಾಯಿ ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಕೊನೆಗೆ ಒಂದೇ ಮಾತು: "ಮಾರೂದು ಆಮ್ಯಾಲ ನೋಡೂಣು. ಮೊದ್ಲ ಒಮ್ಮೆ ಹಾಡು ಕೇಳಸ್ರಿ."

ಬೆಲೆ ಉಳಿಯಬೇಕು, ಹೊಳೆಯಬೇಕು, ಹಾಡಲೂಬೇಕು. ಮೂರು ಬಾಯಿ, ಮೂರು ಬೇಡಿಕೆ. ಹೊಳೆಯೋದನ್ನು ನಾನು ಅಲ್ಲೇ ಕೈಬಿಟ್ಟೆ. ಉಳಿದೆರಡರ ನಡುವೆ ಎಲ್ಲಿ ಗೆರೆ ಎಳೆಯೋದು ಅನ್ನೋದೇ ಈ ಪ್ರಕರಣ.

ಈ ಪೆಟ್ಟಿಗೆ ಯಾಕೆ ಇಷ್ಟು ದೊಡ್ಡದು

ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನ ಅಕೌಸ್ಟಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಕ್ವಾಡ್ ಟೂ ಅನ್ನು 1953ರಲ್ಲಿ ಹೊರತಂದಿತು. ಕಂಪನಿ ಕಟ್ಟಿದವರು ಪೀಟರ್ ವಾಕರ್. ಒಂದು ಆಂಪ್ಲಿಫೈಯರ್ ಕೊಡೋದು ಬರೀ 15 ವ್ಯಾಟ್. ಇವತ್ತಿನ ಗಣಪತಿ ಮಂಟಪದ ಡಿಜೆ ಹುಡುಗರು ಕೇಳಿದರೆ ನಗುತ್ತಾರೆ. ಆದರೆ ಮನೆಯ ಕೋಣೆಯಲ್ಲಿ ಆ 15 ವ್ಯಾಟ್ ಬೇಕಾದಷ್ಟಾಯಿತು.

ಒಳಗೆ ಐದು ವಾಲ್ವ್. ಮುಂದೆ ಎರಡು ಇಎಫ್86, ಶಕ್ತಿ ಕೊಡೋಕೆ ಎರಡು ಕೆಟಿ66, ಎಸಿಯನ್ನು ಡಿಸಿ ಮಾಡೋಕೆ ಒಂದು ಜಿಜೆಡ್32 ರೆಕ್ಟಿಫೈಯರ್. ಇಷ್ಟೇ ಸಾಮಾನು. ಜಾಣತನವೆಲ್ಲ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿದೆ. ಸಾಮಾನ್ಯವಾಗಿ ಪವರ್ ವಾಲ್ವ್‌ನ ಆನೋಡ್ (ಎಲೆಕ್ಟ್ರಾನ್ ಬಂದು ಸೇರುವ ತುದಿ) ಮಾತ್ರ ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತದೆ. ಇಲ್ಲಿ ಕ್ಯಾಥೋಡ್‌ಗೂ (ಎಲೆಕ್ಟ್ರಾನ್ ಹೊರಡುವ ತುದಿ) ಅದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದು ವೈಂಡಿಂಗ್ ಕೊಟ್ಟಿದ್ದಾರೆ. ಅದರಿಂದ ವಾಲ್ವ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಡಿಸ್ಟಾರ್ಶನ್ ಕಡಿಮೆಯಾಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಮ್ಮ ಖಡೇಬಜಾರಿನಲ್ಲಿ ವೈಂಡಿಂಗ್ ಮಾಡಿಸಿಕೊಂಡು ಬರೋ ಮಾತಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲು ಉಳಿಯಬೇಕಾದದ್ದು ಟ್ರಾನ್ಸ್‌ಫಾರ್ಮರ್. ಆಮೇಲೆ ಕೆಟಿ66. ಆಮೇಲೆ ಮೇಲಿನ ಬಣ್ಣ, ಅಕ್ಷರ, ನಂಬರು.

"ಆನ್ ಮಾಡಿ ನೋಡಿದ್ರಾ?" ಅಂತ ಕೇಳಿದೆ. ಅಣ್ಣ ತಲೆ ಕೆರೆದುಕೊಂಡ. ಪ್ಲಗ್ ಹಾಕೋಕೆ ಹೋಗಿದ್ದನಂತೆ. ಎರಡೂ ಕೇಬಲ್ ಇಲಿ ಕಡಿದು ತಾಮ್ರ ಕಾಣುತ್ತಿತ್ತು, ಹೆದರಿ ಬಿಟ್ಟ. ಆ ಇಲಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಎಷ್ಟೋ ವರ್ಷ ಸುಮ್ನೆ ಕೂತ ವಾಲ್ವ್ ಆಂಪ್ಲಿಫೈಯರ್‌ಗೆ ನೇರ 230 ವೋಲ್ಟ್ ಕೊಡೋದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಒಣಗಿದ ಕೆಪ್ಯಾಸಿಟರ್ ಶಾರ್ಟ್ ಆಗುತ್ತದೆ, ರೆಕ್ಟಿಫೈಯರ್ ಕೆಂಪಗಾಗುತ್ತದೆ. ಅದರ ಹಿಂದೆಯೇ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಮೊದಲ ವಾರ ಬೆಸುಗೆ ಕಡ್ಡಿ ಮುಟ್ಟಲಿಲ್ಲ

ಮೊದಲು ಫೋಟೊ. ಮೇಲೆ, ಕೆಳಗೆ, ತಂತಿ ಬೆಸೆಯುವ ಪ್ರತಿ ಟ್ಯಾಗು, ಪ್ರತಿ ತಂತಿಯ ಬಣ್ಣ. ಎಂಬತ್ತಕ್ಕೂ ಜಾಸ್ತಿ ಫೋಟೊ ತೆಗೆದೆ. ಕೆಳಗಿನ ತಗಡು ಬಿಚ್ಚಿದಾಗಲೇ ಜೋಡಿಯ ಕಥೆ ಬೇರೆ ಬೇರೆ ಅಂತ ಗೊತ್ತಾಯಿತು.

ಒಂದನ್ನು ನಾನು ದೊಡ್ಡಣ್ಣ ಅಂತ ಕರೆಯುತ್ತಿದ್ದೆ, ಸೀರಿಯಲ್ ನಂಬರು ಚಿಕ್ಕದು ಅಂತ. ಅದನ್ನು ಯಾರೂ ಮುಟ್ಟಿರಲಿಲ್ಲ. ಬೆಸುಗೆಗಳು ಮಂಕಾಗಿದ್ದವು, ಆದರೆ ಎಲ್ಲ ಒಂದೇ ಕೈಯವು. ಎರಡನೆಯದು ತಮ್ಮಣ್ಣ. ಅದನ್ನು ಹಿಂದೆ ಯಾವಾಗಲೋ ಒಬ್ಬ ಮೆಕ್ಯಾನಿಕ್ ಬಿಚ್ಚಿದ್ದ. ಡಿಸಿಯ ಏರಿಳಿತ ಸಮ ಮಾಡುವ ಮೇಲಿನ ಫಿಲ್ಟರ್ ಕೆಪ್ಯಾಸಿಟರ್ ಡಬ್ಬಿ ತೆಗೆದು, ಆ ಜಾಗದಲ್ಲಿ 100+100 ಮೈಕ್ರೊಫ್ಯಾರಡ್‌ನ ದೊಡ್ಡ ಡಬ್ಬಿಯನ್ನು ಕ್ಲ್ಯಾಂಪ್ ಹಾಕಿ ಕೂರಿಸಿದ್ದ. ಎರಡು ಕೆಟಿ66 ಹೋಗಿ ಎರಡು 6ಎಲ್6 ಬಂದಿದ್ದವು. ಪವರ್ ವಾಲ್ವ್‌ನ ಗ್ರಿಡ್‌ಗೆ, ಅಂದರೆ ಹಾಡು ಒಳಗೆ ಹೋಗುವ ತುದಿಗೆ, ಹೋಗುವ ಒಂದು ಕೆಪ್ಯಾಸಿಟರ್ ಬದಲಾಗಿತ್ತು, ಇನ್ನೊಂದು ಹಾಗೇ ಇತ್ತು. ಚಾಸಿಯ, ಅಂದರೆ ತಗಡಿನ ಚೌಕಟ್ಟಿನ, ಪಕ್ಕದಲ್ಲಿ ಮೂರು ತಂತಿಯ ಕೇಬಲ್ ತೂರಿಸೋಕೆ ಹೊಸ ತೂತು ಕೊರೆದಿದ್ದ. ತೂತಿನ ಸುತ್ತ ಬಣ್ಣ ಎದ್ದು ಹೋಗಿತ್ತು.

ಆ ಮೆಕ್ಯಾನಿಕ್‌ನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಆಗ ಕೆಟಿ66 ಎಲ್ಲಿಂದ ತರಬೇಕಿತ್ತು ಅವನು? ನಾಟಕ ಕಂಪನಿ, ಟೂರಿಂಗ್ ಟಾಕೀಸಿನ ಆಂಪ್ಲಿಫೈಯರ್‌ಗಳಿಂದ 6ಎಲ್6 ಸಿಗುತ್ತಿತ್ತು. ಪಿನ್ನುಗಳೂ ಹೊಂದುತ್ತವೆ, ಹಾಡೂ ಬರುತ್ತದೆ. ಡಾಕ್ಟರ್ ಸಾಹೇಬರಿಗೆ ಬೇಕಿದ್ದದ್ದು ಸಂಜೆಯ ಹಾಡು, ಅಷ್ಟೇ. ಆದರೆ 100 ಮೈಕ್ರೊಫ್ಯಾರಡ್ ಮಾತ್ರ ತಪ್ಪು. ಮೂಲದಲ್ಲಿ ಇದ್ದದ್ದು 16+16. ಫಿಲ್ಟರ್ ದೊಡ್ಡದಾದಷ್ಟೂ ಹಮ್ (ಗುಂಯ್ ಅನ್ನೋ ಸದ್ದು) ಕಡಿಮೆ ಅನ್ನೋದು ನಿಜ. ಆದರೆ ಪ್ರತಿ ಸಲ ಅದನ್ನು ತುಂಬುವ ಕರೆಂಟು ವಾಲ್ವ್ ರೆಕ್ಟಿಫೈಯರ್ ಮೂಲಕವೇ ಹರಿಯಬೇಕಲ್ವಾ? ಜಿಜೆಡ್32 ಆ ಹೊಡೆತ ತಾಳೋಕೆ ಹುಟ್ಟಿದ್ದಲ್ಲ.

ಎಲ್ಲ ವಾಲ್ವ್ ತೆಗೆದು, ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಚ್ಚಿದೆ. ದೊಡ್ಡಣ್ಣನ ಮೇನ್ಸ್ ಟ್ರಾನ್ಸ್‌ಫಾರ್ಮರ್ ಚಾಸಿಗೆ 60 ಮೆಗಾಓಮ್ ತೋರಿಸಿತು. ತಮ್ಮಣ್ಣನದು ಬರೀ 2. ಕೈಕಾಲು ತಣ್ಣಗಾಯಿತು. ಆಮೇಲೆ ಹೊಳೆಯಿತು, ಇದು ಬೆಳಗಾವಿ, ಇದು ಶ್ರಾವಣ. ಇಲ್ಲಿ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಟ್ರಾನ್ಸ್‌ಫಾರ್ಮರ್ ತೇವ ಎಳೆಯದೆ ಬಿಡುತ್ತದಾ? ರಟ್ಟಿನ ಪೆಟ್ಟಿಗೆಯೊಳಗೆ 60 ವ್ಯಾಟಿನ ಬಲ್ಬ್ ಹಚ್ಚಿ, ಪಕ್ಕದಲ್ಲಿ ಆಂಪ್ಲಿಫೈಯರ್ ಇಟ್ಟು ನಾಲ್ಕು ದಿನ ಬಿಟ್ಟೆ. ನನ್ನ ಹೆಂಡತಿ ಅದಕ್ಕೆ ಕೋಳಿಮರಿ ಪೆಟ್ಟಿಗೆ ಅಂತ ಹೆಸರಿಟ್ಟಳು. ಐದನೇ ದಿನ 85 ಮೆಗಾಓಮ್.

ಅದೇ ವಾರ ನನ್ನಿಂದಲೂ ಒಂದು ತಪ್ಪಾಯಿತು. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಮ್ಮಣ್ಣನ ಜಿಜೆಡ್32 ಮೇಲೆ ಎಣ್ಣೆಯಂಥ ಧೂಳು ಕೂತಿತ್ತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೇ ಒಂದು ಸಲ ಒರೆಸಿದೆ. ಹತ್ತಿ ನೋಡಿದರೆ ಅದರ ಮೇಲೆ ಮುಲ್ಲಾರ್ಡ್ ಕಂಪನಿ ಹೆಸರಿನ ಅರ್ಧ. ಗಾಜಿನ ಮೇಲೆ ಇನ್ನರ್ಧ. ಹಳೆ ವಾಲ್ವ್‌ಗಳ ಮೇಲಿನ ಅಕ್ಷರ ಅಷ್ಟು ನಾಜೂಕು. ಒಣ ಬ್ರಷ್‌ನಿಂದ ಧೂಳು ಕೊಡವಬೇಕು, ಅಕ್ಷರದ ಹತ್ತಿರ ಕೈಯನ್ನೇ ಒಯ್ಯಬಾರದು. ನಲವತ್ತು ವರ್ಷ ಈ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಕೈಗೆ ಅಭ್ಯಾಸ, ತಲೆ ಎಲ್ಲೋ ಇತ್ತು. ಆವತ್ತೇ ಅಣ್ಣನಿಗೆ ಫೋನ್ ಮಾಡಿ ಹೇಳಿದೆ, ದಾಖಲೆ ಹಾಳೆಯಲ್ಲೂ ಬರೆದೆ.

ಅಪಾಯ ಯಾವುದು, ಬರೀ ಹಳೇದು ಯಾವುದು

ಪ್ರತಿ ಪಾರ್ಟಿಗೂ ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ. ಇದು ಕೈಕೊಟ್ಟರೆ ಹೋಗೋದು ಇದೊಂದೇನಾ, ಇಲ್ಲಾ ಪಕ್ಕದ್ದನ್ನೂ ಎಳೆದುಕೊಂಡು ಹೋಗುತ್ತದಾ? ಒಂದೇ ಆದರೆ ಇರಲಿ ಬಿಡು. ಟ್ರಾನ್ಸ್‌ಫಾರ್ಮರನ್ನೋ ಮನುಷ್ಯನನ್ನೋ ಎಳೆದುಕೊಂಡು ಹೋಗೋದಾದರೆ ತೆಗೆಯಲೇಬೇಕು.

ಮೇನ್ಸ್ ಕೇಬಲ್ ಬಗ್ಗೆ ಚರ್ಚೆಯೇ ಇಲ್ಲ. ರಬ್ಬರ್ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಹೊಸ ಮೂರು ತಂತಿಯ ಕೇಬಲ್ ಹಾಕಿದೆ. ಟಿಳಕವಾಡಿ ಮನೆಗೆ ಹೋಗಿ ಗೋಡೆಯ ಸಾಕೆಟ್‌ನಲ್ಲಿ ನಿಜವಾಗಿ ಅರ್ಥಿಂಗ್ ಇದೆಯಾ ನೋಡಿದೆ. ಇರಲಿಲ್ಲ. ಮೂರನೇ ತೂತು ಶೋಕಿಗೆ ಇತ್ತು. ಮೊದಲು ಅದನ್ನು ಮಾಡಿಸಿ ಅಂದೆ. ಚಾಸಿಯೊಳಗೆ 340 ವೋಲ್ಟ್ ಹತ್ತಿರ ಡಿಸಿ ಓಡಾಡುತ್ತದೆ, ಸ್ವಿಚ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕೆಪ್ಯಾಸಿಟರ್‌ನಲ್ಲಿ ನಿಂತಿರುತ್ತದೆ.

ಗ್ರಿಡ್‌ಗೆ ಹೋಗುವ 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್‌ಗಳೇ ಈ ಆಂಪ್ಲಿಫೈಯರ್‌ನ ಮರ್ಮಸ್ಥಾನ. ಇಎಫ್86ರ ಆನೋಡ್‌ನಿಂದ ಹಾಡು ಮಾತ್ರ ಕೆಟಿ66ಕ್ಕೆ ಹೋಗಬೇಕು, ಡಿಸಿ ಹೋಗಬಾರದು. ತಡೆಯೋದು ಈ ಕೆಪ್ಯಾಸಿಟರ್. ಒಳಗೆ ಕಾಗದ ಮತ್ತು ಲೋಹದ ಹಾಳೆಯ ಸುರುಳಿ. ವಯಸ್ಸಾದಂತೆ ಕಾಗದ ತೇವ ಹೀರಿ ಡಿಸಿ ಸೋರಿಸುತ್ತದೆ. ದೊಡ್ಡಣ್ಣನ ಎರಡು ಕೆಪ್ಯಾಸಿಟರ್‌ಗಳ ಒಂದು ಕಾಲು ಬಿಚ್ಚಿ 250 ವೋಲ್ಟ್ ಕೊಟ್ಟು ಅಳೆದೆ. ಒಂದು 6 ಮೈಕ್ರೊಆಂಪ್, ಇನ್ನೊಂದು 9 ಸೋರುತ್ತಿತ್ತು. ಕೇಳೋಕೆ ಏನೂ ಅಲ್ಲ. ಆದರೆ ಗ್ರಿಡ್‌ನಲ್ಲಿ ಕೂತಿರೋ ರೆಸಿಸ್ಟರ್ 680 ಕಿಲೊಓಮ್. 9 ಮೈಕ್ರೊಆಂಪ್ ಅದರ ಮೂಲಕ ಹರಿದರೆ 6 ವೋಲ್ಟ್‌ಗೂ ಜಾಸ್ತಿ. ವಾಲ್ವ್‌ಗೆ ಇರಬೇಕಾದ ಬಯಾಸ್, ಅಂದರೆ ಅದರ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜ್, 26 ವೋಲ್ಟ್ ಆಸುಪಾಸು. ಅದರಲ್ಲಿ 6 ಹೋಯಿತು ಅಂದರೆ ಲಗಾಮು ಸಡಿಲಾಯಿತು ಅಂತಲೇ ಅರ್ಥ. ವಾಲ್ವ್ ಜಾಸ್ತಿ ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಅದೇ ದಾರಿಯಲ್ಲಿದೆ. ಹಾಗಾಗಿ ಇವು ಹೋಗಲೇಬೇಕು.

ಹೇಗೆ ತೆಗೆಯೋದು ಅನ್ನೋದರಲ್ಲಿ ನಾನು ಎರಡು ದಿನ ತಿಣುಕಿದೆ. ರೇಡಿಯೊ ಆಗಿದ್ದರೆ ನನ್ನ ಪದ್ಧತಿ ಬೇರೆ. ಹೇರ್ ಡ್ರೈಯರ್‌ನಿಂದ ಹಳೆ ಕೆಪ್ಯಾಸಿಟರ್ ಬಿಸಿ ಮಾಡಿ, ಒಳಗಿನ ಸುರುಳಿಯನ್ನು ಕಡ್ಡಿಯಿಂದ ನೂಕಿ ತೆಗೆದು, ಖಾಲಿ ಕೊಳವೆಯಲ್ಲಿ ಹೊಸ ಸಣ್ಣ ಕೆಪ್ಯಾಸಿಟರ್ ಇಟ್ಟು ಮೇಣ ಸುರಿಯುತ್ತೇನೆ. ಹೊರಗಿನಿಂದ ನೋಡಿದರೆ ಹಳೇದೇ. ನೋಡೋಕೆ ಚಂದ. ಇಲ್ಲಿ ಮಾತ್ರ ಮನಸ್ಸು ಒಪ್ಪಲಿಲ್ಲ. ಒಂದು, ಹಾಗೆ ಮಾಡಿದರೆ ಮೂಲ ಪಾರ್ಟ್ ಸತ್ತ ಹಾಗೆ, ನಾಳೆ ಯಾರಿಗೂ ಅದು ಸಿಗಲ್ಲ. ಎರಡು, ಕೊಳ್ಳುವವನು ತಗಡು ಬಿಚ್ಚಿ ನೋಡಿದಾಗ ಮೂಲದ್ದೇ ಅಂದುಕೊಳ್ಳುತ್ತಾನೆ. ನಾನು ಬಾಯಿಬಿಟ್ಟು ಸುಳ್ಳು ಹೇಳದಿದ್ದರೂ ಅದು ಸುಳ್ಳೇ.

ಕಾಲು ಕತ್ತರಿಸಿ ತೆಗೆಯೋದು ಒಂದು ನಿಮಿಷದ ಕೆಲಸ. ನಾನು ಒಂದೊಂದಕ್ಕೆ ಅರ್ಧ ಗಂಟೆ ತಗೊಂಡೆ. ಆ ಕಾಲದವರು ತಂತಿಯನ್ನು ಟ್ಯಾಗ್‌ಗೆ ಸುತ್ತಿ ಆಮೇಲೆ ಬೆಸುಗೆ ಹಾಕುತ್ತಿದ್ದರು. ತಾಮ್ರದ ಜಾಳಿಗೆಯಿಂದ ಸೀಸ ಹೀರಿ, ಸೂಜಿಯಂಥ ಕೊಕ್ಕೆಯಿಂದ ಸುತ್ತು ಬಿಚ್ಚಿ, ಕಾಲು ಪೂರ್ತಿ ಉದ್ದ ಇರುವ ಹಾಗೇ ಹೊರಗೆ ತೆಗೆದೆ. ಅದೇ ಟ್ಯಾಗ್‌ಗೆ ಇನ್ನೂ ಎರಡು ಪಾರ್ಟು ಜೋತುಬಿದ್ದಿದ್ದವು. ಅವು ಅಲುಗಾಡದ ಹಾಗೆ ಇಕ್ಕಳದಲ್ಲಿ ಹಿಡಿದಿರಬೇಕು. ಎಡಗೈ ಹೆಬ್ಬೆರಳಿಗೆ ಇನ್ನೂ ಕಲೆ ಇದೆ. ಹಳೇದು ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು, ಮೇಲೆ ಚೀಟಿ: ಯಾವ ಆಂಪ್ಲಿಫೈಯರ್, ಯಾವ ಜಾಗ, ಎಷ್ಟು ಸೋರುತ್ತಿತ್ತು. ಹೊಸದು 630 ವೋಲ್ಟಿನ ಪಾಲಿಪ್ರೊಪಿಲೀನ್, ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ್ದು. ಯಾರು ನೋಡಿದರೂ ಹೊಸದು ಅಂತ ಗೊತ್ತಾಗುತ್ತದೆ, ಗೊತ್ತಾಗಲಿ.

ಕೆಟಿ66 ಎರಡರ ಕ್ಯಾಥೋಡ್‌ಗೂ ಸೇರಿ ಒಂದೇ 180 ಓಮ್ ರೆಸಿಸ್ಟರ್ ಇದೆ. ಅದರ ಮೇಲೆ 26 ವೋಲ್ಟ್ ನಿಂತರೆ ಸುಮಾರು 3.8 ವ್ಯಾಟ್ ಶಾಖ, ಹಗಲೂ ರಾತ್ರಿ. ಅದರ ಪಕ್ಕದಲ್ಲೇ 25 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಆ ಬಿಸಿಯಲ್ಲಿ ಬೇಯುತ್ತಾ ಕೂತಿರುತ್ತದೆ. ಅದು ಶಾರ್ಟ್ ಆದರೆ ಬಯಾಸ್ ಸೊನ್ನೆ, ಮುಂದಿನದ್ದು ಹೇಳಬೇಕಾಗಿಲ್ಲ. ಎರಡೂ ಬದಲು. ಹೊಸ ರೆಸಿಸ್ಟರ್ 10 ವ್ಯಾಟಿನದ್ದು, ಕೆಪ್ಯಾಸಿಟರ್‌ನಿಂದ ಒಂದು ಬೆರಳು ದೂರ.

ದೊಡ್ಡಣ್ಣನ ಫಿಲ್ಟರ್ ಡಬ್ಬಿಯನ್ನು ಉಳಿಸಿಕೊಳ್ಳೋಕೆ ಪ್ರಯತ್ನ ಪಟ್ಟೆ. ವೋಲ್ಟೇಜ್ ಬೇಕಾದಷ್ಟು ಏರಿಳಿಸುವ ವೇರಿಯಾಕ್‌ನಿಂದ ನಿಧಾನಕ್ಕೆ ಏರಿಸಿದರೆ ಕೆಪ್ಯಾಸಿಟರ್ ಸುಧಾರಿಸುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ವಾಲ್ವ್ ರೆಕ್ಟಿಫೈಯರ್ ಇದ್ದಾಗ ಅದು ಅಷ್ಟು ಸರಳ ಅಲ್ಲ. ಹೀಟರ್ ಕಾಯದೆ ಜಿಜೆಡ್32 ಕರೆಂಟೇ ಬಿಡಲ್ಲ. ಕಾದ ಮೇಲೆ ಒಮ್ಮೆಲೇ ನುಗ್ಗುತ್ತದೆ. ಅದಕ್ಕೇ ರೆಕ್ಟಿಫೈಯರ್ ತೆಗೆದು, ಬೇರೆ ಸಪ್ಲೈಯಿಂದ ದೊಡ್ಡ ರೆಸಿಸ್ಟರ್ ಮೂಲಕ ಹನಿಹನಿಯಾಗಿ ತುಂಬಿಸಿದೆ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ತನಕ. ಒಂದು ಭಾಗ ಚಲೋ ಆಯಿತು. ಇನ್ನೊಂದು 3 ಮಿಲಿಆಂಪ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ನಂಬೋಕಾಗಲ್ಲ. ಡಬ್ಬಿಯನ್ನು ಅದರ ಜಾಗದಲ್ಲೇ ಬಿಟ್ಟು, ತಂತಿ ಮಾತ್ರ ಬಿಚ್ಚಿದೆ. ಕೆಳಗೆ ಒಂದು ಸಣ್ಣ ಟ್ಯಾಗ್ ಪಟ್ಟಿ, ಅದರ ಮೇಲೆ 22 ಮೈಕ್ರೊಫ್ಯಾರಡ್ 500 ವೋಲ್ಟಿನ ಎರಡು ಹೊಸ ಕೆಪ್ಯಾಸಿಟರ್. ಪಟ್ಟಿ ನಿಂತಿರೋದು ಮೊದಲೇ ಇದ್ದ ಸ್ಕ್ರೂ ಮೇಲೆ. ಹೊಸ ತೂತು ಒಂದೂ ಇಲ್ಲ.

ಇನ್ನು ರೆಸಿಸ್ಟರ್‌ಗಳು. ಹಳೆ ಕಾರ್ಬನ್ ರೆಸಿಸ್ಟರ್‌ಗಳ ಓಮ್ ಅಳತೆ ವಯಸ್ಸಿನ ಜೊತೆ ಏರುತ್ತಾ ಹೋಗುತ್ತದೆ, ಇಳಿಯೋದು ಅಪರೂಪ. ಇಎಫ್86 ಆನೋಡ್‌ನಲ್ಲಿ 180 ಕಿಲೊಓಮ್ ಎರಡು ಇರಬೇಕು. ದೊಡ್ಡಣ್ಣನಲ್ಲಿ ಒಂದು 214 ಆಗಿತ್ತು, ಒಂದು 247. ಎರಡೂ ಕಡೆ ಸಮ ಇಲ್ಲದಿದ್ದರೆ ಎರಡು ಕೆಟಿ66ಗೆ ಹಂಚಿಹೋಗುವ ಹಾಡಿನ ಎರಡು ಅರ್ಧವೂ ಸಮ ಇರಲ್ಲ. ಆದರೆ ಇವು ಯಾರನ್ನೂ ಸುಡುವ ಪಾರ್ಟಲ್ಲ. ಇಲ್ಲಿ ನನಗೆ ಇಷ್ಟವಾದ ಒಂದು ಉಪಾಯ ಇದೆ. ಏರಿದ ರೆಸಿಸ್ಟರ್‌ಗೆ ಪಕ್ಕದಲ್ಲಿ ಇನ್ನೊಂದು ದೊಡ್ಡ ರೆಸಿಸ್ಟರ್ ಸಮಾನಾಂತರ ಕೊಟ್ಟರೆ ಓಮ್ ಕೆಳಗೆ ಬರುತ್ತದೆ. 247ಕ್ಕೆ 680 ಕಿಲೊಓಮ್ ಸೇರಿಸಿದರೆ 181. 214ಕ್ಕೆ 1.2 ಮೆಗಾಓಮ್ ಸೇರಿಸಿದರೆ 182ರ ಹತ್ತಿರ. ಹಳೇದು ಇದ್ದಲ್ಲೇ ಇರುತ್ತದೆ, ಬೆಸುಗೆಯೂ ಅಲುಗಲ್ಲ. ಮುಂದೆ ಇನ್ನೂ ಏರಿದರೆ ಮತ್ತೆ ನೋಡಬೇಕಾಗುತ್ತದೆ, ಅದು ಒಪ್ಪಿಕೊಂಡ ಮಾತು.

ವೋಲ್ಟೇಜ್ ಹೊಂದಾಣಿಕೆಯನ್ನು ಜಾಸ್ತಿ ಜನ ಮರೆಯುತ್ತಾರೆ. ಆಗ ಇಂಗ್ಲೆಂಡಿನಲ್ಲೂ ಮೇನ್ಸ್ ಎಲ್ಲ ಕಡೆ ಒಂದೇ ಇರಲಿಲ್ಲ, ಅದಕ್ಕೇ ಈ ಆಂಪ್ಲಿಫೈಯರ್‌ನಲ್ಲಿ ಬೇರೆ ಬೇರೆ ವೋಲ್ಟೇಜ್‌ಗೆ ಹೊಂದಿಸುವ ವ್ಯವಸ್ಥೆ ಇದೆ. ಇವೆರಡೂ 220ಕ್ಕೆ ಇದ್ದವು. ಟಿಳಕವಾಡಿಯಲ್ಲಿ ರಾತ್ರಿ ಹನ್ನೊಂದಕ್ಕೆ ಅಳೆದರೆ 246. ಹಾಗೇ ಬಿಟ್ಟಿದ್ದರೆ 6.3 ವೋಲ್ಟ್ ಬೇಡುವ ಹೀಟರ್‌ಗೆ 7 ವೋಲ್ಟ್ ಹೋಗುತ್ತಿತ್ತು. 240ಕ್ಕೆ ಬದಲಿಸಿದೆ. ಖರ್ಚು ಸೊನ್ನೆ.

ಬಿಸ್ಕತ್ ಡಬ್ಬಿ

ತಮ್ಮಣ್ಣನ ಬಗ್ಗೆ ಮನೆಯ ತಮ್ಮನದ್ದು ಒಂದೇ ಹಟ. "ಹೆಂಗೂ ಕೆಟ್ಟೈತಲ್ರಿ, ಅದನ್ನರ ಪೂರ್ತಿ ಹೊಸಾದ ಮಾಡ್ರಿ. ತೂತಿಗೆ ವೆಲ್ಡಿಂಗ್ ಹಾಕಿ ಬಣ್ಣ ಹೊಡದ್ರ ಆತು." ನಿಜ ಹೇಳಬೇಕಂದರೆ ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತ್ತು. ಒಂದು ಸಲ ಮೈಲಿಗೆಯಾದ ಮೇಲೆ ಇನ್ನೇನು?

ಅವನು ಹೋದ ಮೂರು ದಿನಕ್ಕೆ ತಾಯಿ ಆಟೊದಲ್ಲಿ ಬಂದರು. ಕೈಯಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ತಗಡಿನ ಡಬ್ಬಿ. "ಮಾವನೋರ ಕಪಾಟಿನ್ಯಾಗ ಇತ್ರಿ. ಚೆಲ್ಲಬ್ಯಾಡ ಅಂತ ಮ್ಯಾಲ ಬರದಾರ, ಅದಕ್ಕ ತಂದೆ."

ಮುಚ್ಚಳದ ಮೇಲೆ ಇಂಕಿನಲ್ಲಿ "ಚೆಲ್ಲಬಾರದು" ಅಂತ ಬರೆದಿತ್ತು. ಡಾಕ್ಟರ್ ಕೈಬರಹ, ಆದರೂ ಓದಬಹುದಿತ್ತು. ಒಳಗೆ ಹತ್ತಿ. ಆಪರೇಶನ್ ಸಾಮಾನು ಸುತ್ತಿಟ್ಟ ಹಾಗೆ ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿದ್ದರು. ಮೊದಲನೇ ಗಂಟಿನಲ್ಲಿ ತಮ್ಮಣ್ಣನ ಮೂಲ ಫಿಲ್ಟರ್ ಡಬ್ಬಿ. ಎರಡನೆಯದರಲ್ಲಿ ಒಂದು ಕೆಟಿ66, ತಲೆಯ ಒಳಗಡೆ ಹಾಲಿನ ಹಾಗೆ ಬೆಳ್ಳಗೆ. ವಾಲ್ವ್‌ನೊಳಗೆ ಕನ್ನಡಿಯ ಹಾಗೆ ಹೊಳೆಯುವ ಒಂದು ಲೇಪ ಇರುತ್ತದೆ, ಗೆಟ್ಟರ್ ಅಂತಾರೆ. ಗಾಳಿ ಒಳಗೆ ಹೋದರೆ ಅದು ಬೆಳ್ಳಗಾಗುತ್ತದೆ. ಅಂದರೆ ಈ ವಾಲ್ವ್ ಸತ್ತಿದೆ. ಮೂರನೇ ಗಂಟು ಬಿಚ್ಚುವಾಗ ಕೈ ಸ್ವಲ್ಪ ನಡುಗಿತು. ಇನ್ನೊಂದು ಕೆಟಿ66, ಗೆಟ್ಟರ್ ಹೊಸ ತಟ್ಟೆಯ ಹಾಗೆ ಫಳಫಳ. ಬುಡದ ಮೇಲಿನ ಅಕ್ಷರವೂ ಪೂರ್ತಿ. ಸ್ಪಿರಿಟ್ ಬಾಟಲಿಯನ್ನು ಆಗಲೇ ಎತ್ತಿ ಬೇರೆ ಕೋಣೆಯಲ್ಲಿ ಇಟ್ಟುಬಂದೆ.

ಒಂದು ವಾಲ್ವ್ ಸತ್ತಿತ್ತು, ಜೋಡಿ ಹೊಂದಬೇಕು ಅಂತ ಮೆಕ್ಯಾನಿಕ್ ಎರಡೂ ತೆಗೆದಿದ್ದ. ಡಾಕ್ಟರ್ ಎರಡನ್ನೂ ಇಟ್ಟುಕೊಂಡಿದ್ದರು. ನಾಲ್ಕನೇ ಗಂಟಿನಲ್ಲಿ ಗ್ರಿಡ್‌ನ ಹಳೆ ಕೆಪ್ಯಾಸಿಟರ್. ಕಾಲು ಕತ್ತರಿಸಿತ್ತು, ಆದರೂ ಇತ್ತು.

ಕೆಟಿ66 ಅನ್ನು ಇಂಗ್ಲೆಂಡಿನ ಜಿಇಸಿ 1937ರಲ್ಲಿ ತಂದದ್ದು. ಹೆಸರಿನಲ್ಲಿರೋ ಕೆಟಿ ಅಂದರೆ ಕಿಂಕ್‌ಲೆಸ್ ಟೆಟ್ರೋಡ್. ಆ ಹಳೆ ಇಂಗ್ಲೆಂಡ್ ಕೆಟಿ66ಗಳಿಗೆ ಇವತ್ತು ಇರುವ ಗಿರಾಕಿ ಎಂಥದ್ದು ಅಂದರೆ, ಕೆಲವರು ವಾಲ್ವ್‌ಗೋಸ್ಕರವೇ ಆಂಪ್ಲಿಫೈಯರ್ ಕೊಳ್ಳುತ್ತಾರೆ. ಈಗ ನಮ್ಮ ಕೈಯಲ್ಲಿ ಚಲೋ ಇರುವವು ಮೂರು, ಸತ್ತದ್ದು ಒಂದು. ಅಣ್ಣ ನಾಲ್ಕನೆಯದನ್ನು ಎಲ್ಲಿಂದಾದರೂ ಕೊಂಡು ತರೋಣ ಅಂದ. ನಾನು ಬೇಡ ಅಂದೆ. ತಾಯಿ ದಿನಾ ಹಾಡು ಕೇಳುವವರು. ದಿನಾ ಉರಿಸೋಕೆ ಈಗ ತಯಾರಾಗುವ ಹೊಸ ಕೆಟಿ66 ಸಾಕು. ನಾಲ್ಕು ಹೊಸವು ತರಿಸಿದೆವು. ಮೂಲದವು ಹತ್ತಿಯಲ್ಲಿ ಸುತ್ತಿಕೊಂಡು ಮತ್ತೆ ಡಬ್ಬಿ ಸೇರಿದವು, ಸತ್ತದ್ದೂ ಸೇರಿ.

ತಮ್ಮಣ್ಣನ 100+100 ಡಬ್ಬಿ ಇಳಿಯಿತು. ಮೂಲ ಡಬ್ಬಿ ತನ್ನ ಜಾಗಕ್ಕೆ ವಾಪಸ್ ಬಂತು, ಬರೀ ತೋರಿಕೆಗೆ. ಕೆಲಸ ಮಾಡೋದು ಕೆಳಗಿನ ಹೊಸ 22+22. ತಮ್ಮಣ್ಣನಲ್ಲಿ ಉಳಿದಿದ್ದ ಹಳೆ ಗ್ರಿಡ್ ಕೆಪ್ಯಾಸಿಟರ್ ಅಳೆದರೆ 14 ಮೈಕ್ರೊಆಂಪ್ ಸೋರುತ್ತಿತ್ತು. ಅರ್ಧ ರಿಪೇರಿ ಅಂದರೆ ಇದು. ಅದನ್ನೂ ಅದರ ಪಕ್ಕದ ಬದಲಿಯನ್ನೂ ತೆಗೆದು ಹೊಸ ಜೋಡಿ ಹಾಕಿದೆ. ತೂತಿಗೆ ಒಂದು ರಬ್ಬರ್ ಬಳೆ ಹಾಕಿ ಅದರಲ್ಲೇ ಹೊಸ ಕೇಬಲ್ ತಂದೆ. ವೆಲ್ಡಿಂಗ್ ಇಲ್ಲ, ಬಣ್ಣ ಇಲ್ಲ. ಆ ಬೂದು ಕಂದು ಹೊಳಪನ್ನು ಉದ್ಯಮಬಾಗದಲ್ಲಿ ಯಾರೂ ತಂದುಕೊಡಲಾರರು. ತಂದರೂ ಸಂಗ್ರಾಹಕರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ತಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ.

ಹಾಡಿದ ದಿನ

ಸೀರೀಸ್ ಬಲ್ಬ್ ಬೋರ್ಡ್ (ಮೇನ್ಸ್ ದಾರಿಯಲ್ಲಿ ಒಂದು ಬಲ್ಬ್) ಹಾಕಿ ಮೊದಲು ದೊಡ್ಡಣ್ಣನಿಗೆ ಕರೆಂಟು ಕೊಟ್ಟೆ. ಬಲ್ಬ್ ಒಮ್ಮೆ ಮಿಂಚಿ ಮಂದವಾಯಿತು. ಶಾರ್ಟ್ ಇಲ್ಲ. ಬಲ್ಬ್ ತೆಗೆದು ನೇರ ಕೊಟ್ಟ ಮೇಲೆ ಒಳಗಿನ ಡಿಸಿ 338 ವೋಲ್ಟ್, 180 ಓಮ್ ಮೇಲೆ 26.2. ತಮ್ಮಣ್ಣನದು 25.6. ಎರಡು ಗಂಟೆ ಉರಿಸಿ ಮತ್ತೆ ಅಳೆದೆ, ಅಲುಗಿರಲಿಲ್ಲ. ಸ್ಪೀಕರ್ ಬದಲು ಹಾಕುವ ಡಮ್ಮಿ ಲೋಡ್ ಮೇಲೆ ದೊಡ್ಡಣ್ಣ 14 ವ್ಯಾಟ್ ಕೊಟ್ಟ, ತಮ್ಮಣ್ಣ 13. ತಮ್ಮಣ್ಣನಲ್ಲಿ ಸ್ಪೀಕರ್‌ಗೆ ಕಿವಿ ಹಚ್ಚಿದರೆ ಸಣ್ಣ ಹಮ್ ಇದೆ. ತಂತಿಗಳನ್ನು ಅತ್ತಿತ್ತ ಸರಿಸಿ ನೋಡಿದೆ, ಪೂರ್ತಿ ಹೋಗಲಿಲ್ಲ. ಹಾಳೆಯಲ್ಲಿ ಹಾಗೇ ಬರೆದಿದ್ದೇನೆ.

ಜೊತೆಗೆ ಬಂದಿದ್ದ ಕ್ವಾಡ್ 22 ಕಂಟ್ರೋಲ್ ಯೂನಿಟ್ (ವಾಲ್ಯೂಮ್, ಟೋನ್ ತಿರುಗಿಸುವ ಪೆಟ್ಟಿಗೆ) ಬಗ್ಗೆ ಇಲ್ಲಿ ಬರೆಯಲ್ಲ. ಅದರ ಸ್ವಿಚ್‌ಗಳ ಗೋಳು ಇನ್ನೊಂದು ಪುರಾಣ. 1.4 ವೋಲ್ಟ್ ಕೊಟ್ಟರೆ ಕ್ವಾಡ್ ಟೂ ಪೂರ್ತಿ ಹಾಡುತ್ತದೆ, ಇವತ್ತಿನ ಸಿಡಿ ಪ್ಲೇಯರ್‌ಗೆ ಅದು ದೊಡ್ಡ ಮಾತಲ್ಲ. ಸದ್ಯಕ್ಕೆ ನಡುವೆ ಒಂದು ವಾಲ್ಯೂಮ್ ಡಬ್ಬಿ ಇಟ್ಟು ನೇರ ಕೊಟ್ಟಿದ್ದೇವೆ.

ಟಿಳಕವಾಡಿಯಲ್ಲಿ ಮೊದಲು ಕೇಳಿದ್ದು ಕುಮಾರ ಗಂಧರ್ವ. ಅವರು ಹುಟ್ಟಿದ ಸುಳೇಭಾವಿ ಇಲ್ಲೇ ಹತ್ತಿರದಲ್ಲಿ. ಡಾಕ್ಟರ್ ಸಾಹೇಬರಿಗೆ ಅವರ ಮೇಲೆ ನಮ್ಮೂರಿನ ಹುಡುಗ ಅನ್ನೋ ಅಭಿಮಾನವಂತೆ. ತಾಯಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಕೇಳಿದರು. ಹಾಡು ಮುಗಿದ ಮೇಲೆ ಕೇಳಿದ್ದು, "ಕರೆಂಟ್ ಬಿಲ್ ಎಷ್ಟ ಬರತೈತ್ರಿ ಇದಕ್ಕ?"

ಪುಣೆಯವರು ನವರಾತ್ರಿ ಕಳೆದ ಮೇಲೆ ಬಂದಿದ್ದರು. ಕೂರುವ ಮೊದಲೇ ಕೆಳಗಿನ ತಗಡು ಬಿಚ್ಚಲು ಹೇಳಿದರು. ನನ್ನ ಹಾಳೆಯನ್ನು ಒಂದೊಂದು ಸಾಲು ಓದಿ ಚೀಲಗಳ ಜೊತೆ ತಾಳೆ ನೋಡಿದರು. ಜಿಜೆಡ್32 ಸಾಲಿಗೆ ಬಂದಾಗ ನನ್ನ ಮುಖ ನೋಡಿ ನಕ್ಕರು. ದೊಡ್ಡಣ್ಣನಿಗೆ ಅವರು ಹೇಳಿದ ಬೆಲೆ ಕಡಿಮೆ ಆಗಲಿಲ್ಲ. ತಮ್ಮಣ್ಣನಿಗೆ ತೂತಿನ ಲೆಕ್ಕ ಹಿಡಿದು ಕಳೆದರು, ಬಿಸ್ಕತ್ ಡಬ್ಬಿಯ ಲೆಕ್ಕ ಹಿಡಿದು ಸ್ವಲ್ಪ ಸೇರಿಸಿದರು. ಅಣ್ಣ ಹೂಂ ಅನ್ನೋದರಲ್ಲಿದ್ದ. ತಾಯಿ ಚಹಾ ತಂದಿಟ್ಟು, ಮುಂದಿನ ವರ್ಷ ನೋಡೂಣು ಅಂದರು.

ಈ ಸಲ ಮಳೆ ನಿಂತ ಮೇಲೆ ಹೋಗಿ ಮತ್ತೆ ಬಯಾಸ್ ಅಳೆದು ಬಂದೆ. ದೊಡ್ಡಣ್ಣ 26.1, ತಮ್ಮಣ್ಣ 25.7. ಡಬ್ಬಿ ಕಪಾಟಿನಲ್ಲಿದೆ. ಮುಚ್ಚಳದ ಮೇಲೆ ಡಾಕ್ಟರ್ ಬರೆದ ಅಕ್ಷರ ಮಸುಕಾಗಿತ್ತು ಅಂತ ತಾಯಿ ಅದರ ಮೇಲೆ ಸ್ಕೆಚ್ ಪೆನ್ನಿನಿಂದ ತಿದ್ದಿದ್ದಾರೆ.